ಗ್ರಂಥಿ ಜ್ವರದಲ್ಲಿ ಟಿ ಕೋಶಗಳು ಇಷ್ಟೊಂದು ಹೆಚ್ಚುವುದೇಕೆ?

ಪ್ರಶ್ನೆ: ನನ್ನ ಮಗಳಿಗೆ 19 ವರ್ಷ. ಎರಡು ವಾರಗಳಿಂದ ಜ್ವರ, ಎಂಜಲು ನುಂಗಲಾಗದಷ್ಟು ಗಂಟಲು ನೋವು, ಕತ್ತಿನ ಎರಡೂ ಬದಿ ಗಂಟು. ಗ್ಲ್ಯಾಂಡುಲರ್ ಫೀವರ್ ಎಂದು ವೈದ್ಯರು ಹೇಳಿದ್ದಾರೆ. ರಕ್ತಪರೀಕ್ಷೆಯಲ್ಲಿ ಲಿಂಫೋಸೈಟ್ ಶೇ 62 ಇದೆ, ‘ಅಸಹಜ ಲಿಂಫೋಸೈಟ್‌ಗಳು ಕಂಡುಬಂದಿವೆ’ ಎಂದೂ ಬರೆದಿದ್ದಾರೆ. ವೈರಸ್ ಸೇರಿಕೊಳ್ಳುವುದು ಬಿ ಕೋಶಗಳಲ್ಲಿ, ಹೆಚ್ಚಿರುವುದು ಟಿ ಕೋಶಗಳು ಎಂದು ವೈದ್ಯರು ಹೇಳಿದ್ದು ಅರ್ಥವಾಗಲಿಲ್ಲ. ಇದು ರಕ್ತದ ಕ್ಯಾನ್ಸರ್ ಅಲ್ಲವೆಂದು ಹೇಗೆ ನಂಬುವುದು? ಈ ವೈರಸ್ ದೇಹ ಬಿಟ್ಟು ಹೋಗುವುದೇ ಇಲ್ಲವಂತೆ. ಹಾಗಾದರೆ ಅವಳ ರೋಗನಿರೋಧಕ ಶಕ್ತಿ ಸೋತಿದೆಯೇ? ಅದನ್ನು ಹೆಚ್ಚಿಸುವ ಔಷಧಿ ಕೊಡಬೇಕೆ?

ಉತ್ತರ: ನಿಮ್ಮ ಕೊನೆಯ ಪ್ರಶ್ನೆಗೇ ಮೊದಲು ಉತ್ತರಿಸುತ್ತೇನೆ, ಏಕೆಂದರೆ ಅಲ್ಲಿ ದಾರಿ ತಪ್ಪಿದರೆ ಮಗಳ ಹೊಟ್ಟೆಗೆ ಬೇಡದ ಔಷಧಿಗಳು ಹೋಗುತ್ತವೆ. ಅವಳ ರೋಗನಿರೋಧಕ ಶಕ್ತಿ ಸೋತಿಲ್ಲ, ಕುಗ್ಗಿಯೂ ಇಲ್ಲ. ಈಗ ಅವಳು ಹಾಸಿಗೆ ಹಿಡಿದಿರುವುದು ವೈರಸ್ಸಿನಿಂದ ಎನ್ನುವುದಕ್ಕಿಂತ, ವೈರಸ್ಸಿನ ಮೇಲೆ ಅವಳ ಟಿ ಕೋಶಗಳು ತಿರುಗಿಬಿದ್ದಿರುವ ರಭಸದಿಂದ. ಲಿಂಫೋಸೈಟ್ ಎಂದರೆ ಸೋಂಕಿನ ವಿರುದ್ಧ ಹೋರಾಡುವ ಬಿಳಿ ರಕ್ತಕಣ; ಬಿ ಕೋಶ, ಟಿ ಕೋಶ ಎರಡೂ ಅದರ ಬಗೆಗಳೇ. ವರದಿಯಲ್ಲಿ ನಿಮ್ಮನ್ನು ಹೆದರಿಸಿದ ಅಂಕಿ ಆ ರಭಸದ ಗುರುತು. ಇದನ್ನು ಬಿಡಿಸಿ ಹೇಳಬೇಕಾದರೆ ಜ್ವರ ಬರುವುದಕ್ಕೂ ಸುಮಾರು ಆರು ವಾರ ಹಿಂದಕ್ಕೆ ಹೋಗಬೇಕು.

ಈ ಕಾಯಿಲೆಗೆ ಬಹುಪಾಲು ಸಂದರ್ಭಗಳಲ್ಲಿ ಕಾರಣ ಎಪ್‌ಸ್ಟೀನ್-ಬಾರ್ ವೈರಸ್, ಚಿಕ್ಕದಾಗಿ ಇಬಿವಿ. ಆಂಟನಿ ಎಪ್‌ಸ್ಟೀನ್, ಇವೊನ್ ಬಾರ್ ಮತ್ತು ಬರ್ಟ್ ಅಚಾಂಗ್ 1964ರಲ್ಲಿ ಇದನ್ನು ಮೊದಲು ಕಂಡದ್ದು ಆಫ್ರಿಕಾದ ಮಕ್ಕಳಲ್ಲಿ ಕಾಣುವ ಬರ್ಕಿಟ್ ಲಿಂಫೋಮಾ ಎಂಬ ಗಡ್ಡೆಯ ಕೋಶಗಳಲ್ಲಿ. ಗ್ರಂಥಿ ಜ್ವರಕ್ಕೂ ಇದೇ ವೈರಸ್ ಕಾರಣ ಎಂಬುದು 1968ರಲ್ಲಿ ವರ್ನರ್ ಹಾಗೂ ಗರ್ಟ್ರೂಡ್ ಹೆನ್ಲೆ ದಂಪತಿಯ ಪ್ರಯೋಗಾಲಯದಿಂದ ಹೊರಬಂತು. ಅಲ್ಲಿನ ತಂತ್ರಜ್ಞೆಯೊಬ್ಬರಿಗೆ ಈ ಜ್ವರ ಬಂದಾಗ, ಅದುವರೆಗೆ ಅವರ ರಕ್ತದಲ್ಲಿ ಇಲ್ಲದಿದ್ದ ಇಬಿವಿ ಪ್ರತಿಕಾಯಗಳು ಕಾಣಿಸಿಕೊಂಡಿದ್ದವು.

ವೈರಸ್ ಬರುವುದು ಎಂಜಲಿನ ಮೂಲಕ. ಗಂಟಲಿನ ಟಾನ್ಸಿಲ್‌ನಲ್ಲಿ ಬಿ ಕೋಶಗಳು ದಟ್ಟವಾಗಿರುತ್ತವೆ. ಪ್ರತಿಕಾಯಗಳನ್ನು ತಯಾರಿಸುವ ವಂಶದ ಈ ಕೋಶಗಳ ಮೈಮೇಲೆ ಸಿಡಿ21 ಎಂಬ ಪ್ರೋಟೀನ್ ಇರುತ್ತದೆ. ವೈರಸ್ ಅದನ್ನೇ ಹಿಡಿದು ಒಳಗೆ ನುಸುಳುತ್ತದೆ. ಒಳಹೊಕ್ಕ ಮೇಲೆ ಕೋಶವನ್ನು ಒಡೆದು ಹೊರಬರುವ ಆತುರ ಅದಕ್ಕಿಲ್ಲ. ತನ್ನ ಕೆಲವೇ ಜೀನ್‌ಗಳನ್ನು ಚಾಲೂ ಮಾಡಿ ಬಿ ಕೋಶವನ್ನೇ ವಿಭಜನೆಗೆ ಪ್ರೇರೇಪಿಸುತ್ತದೆ. ಕೋಶ ಎರಡಾದಾಗ ವೈರಸ್ಸೂ ಎರಡಾಗುತ್ತದೆ. ನಾಲ್ಕರಿಂದ ಏಳು ವಾರ ಹೀಗೆ ಸದ್ದಿಲ್ಲದೆ ಸಾಗುತ್ತದೆ. ಅಷ್ಟು ದಿನವೂ ನಿಮ್ಮ ಮಗಳು ಎಂದಿನಂತೆ ಓಡಾಡಿಕೊಂಡಿದ್ದಿರಬೇಕು. ಕಾಯಿಲೆ ಹೊರಗೆ ಕಾಣುವ ಹೊತ್ತಿಗೆ ಕೆಲವರ ರಕ್ತದಲ್ಲಿ ಸ್ಮೃತಿ ಬಿ ಕೋಶಗಳ (ಹಿಂದೆ ಕಂಡ ಸೋಂಕನ್ನು ನೆನಪಿಟ್ಟುಕೊಂಡು ಬಹುಕಾಲ ಉಳಿಯುವ ಬಿ ಕೋಶಗಳ) ಅರ್ಧದಷ್ಟು ವೈರಸ್ ಹೊತ್ತಿರುವುದನ್ನು ಸಂಶೋಧಕರು ಅಳೆದಿದ್ದಾರೆ. ಟಿ ಕೋಶಗಳಿಗೆ ಎದುರಾಗುವ ಕೆಲಸ ಎಷ್ಟು ದೊಡ್ಡದು ಎಂಬುದು ಇದರಿಂದ ತಿಳಿಯುತ್ತದೆ.

ಕೋಶದೊಳಗೆ ಅಡಗಿದ ವೈರಸ್ಸನ್ನು ಪ್ರತಿಕಾಯಗಳು ಮುಟ್ಟಲಾರವು. ಟಿ ಕೋಶಗಳ ಅಗತ್ಯ ಬರುವುದು ಇಲ್ಲೇ. ನಮ್ಮ ದೇಹದ ಹೆಚ್ಚುಕಡಿಮೆ ಪ್ರತಿಯೊಂದು ಕೋಶವೂ ತನ್ನೊಳಗೆ ತಯಾರಾಗುತ್ತಿರುವ ಪ್ರೋಟೀನ್‌ಗಳ ಚೂರುಗಳನ್ನು ಎಚ್‌ಎಲ್‌ಎ ಎಂಬ ಅಣುಗಳ ಮೇಲಿಟ್ಟು ಹೊರಮೈಯಲ್ಲಿ ತೋರಿಸುತ್ತಿರುತ್ತದೆ. ಸಿಡಿ8 ಎಂದು ಕರೆಯುವ ಕೊಲ್ಲುವ ಟಿ ಕೋಶಗಳು ಆ ಚೂರುಗಳನ್ನು ತಡವಿ ನೋಡುತ್ತ ಸಾಗುತ್ತವೆ. ಒಂದೊಂದು ಟಿ ಕೋಶಕ್ಕೂ ಒಂದೊಂದು ಬಗೆಯ ಗ್ರಾಹಿ. ಅದಕ್ಕೆ ಹೊಂದುವ ಚೂರು ಸಿಕ್ಕರಷ್ಟೇ ಅದು ಎಚ್ಚೆತ್ತು ವಿಭಜನೆಗೆ ತೊಡಗುತ್ತದೆ. ಸೋಂಕಿಗೆ ಮುಂಚೆ ವೈರಸ್ಸಿನ ಒಂದು ನಿರ್ದಿಷ್ಟ ಚೂರನ್ನು ಗುರುತಿಸಬಲ್ಲ ಟಿ ಕೋಶಗಳು ಲಕ್ಷಕ್ಕೊಂದೋ ಇನ್ನೂ ವಿರಳವೋ ಇರುತ್ತವೆ. ಆ ಬೆರಳೆಣಿಕೆಯಿಂದ ಎಷ್ಟಾಗಬಲ್ಲವು ಎಂಬುದೇ ಈ ಕಾಯಿಲೆಯ ಸೋಜಿಗ.

ಬಹುಕಾಲ ತಜ್ಞರಲ್ಲೇ ಒಂದು ತಪ್ಪು ನಂಬಿಕೆಯಿತ್ತು. ಗ್ರಂಥಿ ಜ್ವರದಲ್ಲಿ ಹೆಚ್ಚುವ ಟಿ ಕೋಶಗಳಲ್ಲಿ ಬಹುಪಾಲು ಸುಮ್ಮನೆ ಗದ್ದಲಕ್ಕೆ ಎದ್ದು ನಿಂತವು, ಇಬಿವಿಗೂ ಅವಕ್ಕೂ ನೇರ ಸಂಬಂಧವಿಲ್ಲ ಎಂದುಕೊಂಡಿದ್ದರು. ಯಾವ ಟಿ ಕೋಶ ಯಾವ ಚೂರನ್ನು ಹಿಡಿಯುತ್ತದೆ ಎಂದು ನೇರವಾಗಿ ಎಣಿಸುವ ಉಪಾಯವೇ ಆಗ ಇರಲಿಲ್ಲ. 1996ರಲ್ಲಿ ಜಾನ್ ಆಲ್ಟ್‌ಮನ್, ಮಾರ್ಕ್ ಡೇವಿಸ್ ಮತ್ತು ಸಂಗಡಿಗರು ಆ ಉಪಾಯ ಕಂಡುಕೊಂಡರು: ವೈರಸ್ ಚೂರು ಹೊತ್ತ ನಾಲ್ಕು ಎಚ್‌ಎಲ್‌ಎ ಅಣುಗಳನ್ನು ಒಟ್ಟಿಗೆ ಬೆಸೆದು, ಅದಕ್ಕೆ ಹೊಳೆಯುವ ಬಣ್ಣ ಕಟ್ಟುವುದು. ಟೆಟ್ರಾಮರ್ ಎಂಬ ಈ ಸಾಧನ ತನಗೆ ಹೊಂದುವ ಟಿ ಕೋಶಕ್ಕೆ ಮಾತ್ರ ಅಂಟುತ್ತದೆ. 1998ರಲ್ಲಿ ಬ್ರಿಟನ್ನಿನ ಮಾರ್ಗರೆಟ್ ಕ್ಯಾಲನ್ ಮತ್ತು ಸಂಗಡಿಗರು ಇದನ್ನು ಗ್ರಂಥಿ ಜ್ವರದ ರೋಗಿಗಳ ರಕ್ತದ ಮೇಲೆ ಪ್ರಯೋಗಿಸಿದರು. ಒಬ್ಬ ರೋಗಿಯಲ್ಲಿ ಒಟ್ಟು ಸಿಡಿ8 ಟಿ ಕೋಶಗಳ ಶೇ 44ರಷ್ಟು ವೈರಸ್ಸಿನ ಒಂದೇ ಒಂದು ಪ್ರೋಟೀನಿನ ಒಂದೇ ಒಂದು ಚೂರಿಗೆ ಅಂಟಿದವು! ಲಕ್ಷಕ್ಕೊಂದು ಇದ್ದದ್ದು ಕೆಲವೇ ವಾರಗಳಲ್ಲಿ ನೂರಕ್ಕೆ ನಲವತ್ತನ್ನು ದಾಟಿತ್ತು. ಮನುಷ್ಯನ ದೇಹದಲ್ಲಿ ಟಿ ಕೋಶಗಳ ಇಷ್ಟು ದೊಡ್ಡ, ಇಷ್ಟು ಗುರಿಯಿಟ್ಟ ಏರಿಕೆಯನ್ನು ಕಣ್ಣಾರೆ ತೋರಿಸಿದ ಕೆಲಸ ಅದು. ನಿಮ್ಮ ಮಗಳ ಟಿ ಕೋಶಗಳೂ ದಿಕ್ಕೆಟ್ಟು ಬೆಳೆದಿಲ್ಲ ಎಂದು ಧೈರ್ಯವಾಗಿ ಹೇಳಲು ಇಂಥ ಸಂಶೋಧನೆಗಳೇ ಆಧಾರ.

ವೈರಸ್ಸಿನ ಯಾವ ಚೂರುಗಳ ಮೇಲೆ ಅವು ಮುಗಿಬೀಳುತ್ತವೆ ಎಂಬುದೂ ಸ್ವಾರಸ್ಯದ ವಿಷಯ. ಮಲಗಿದ್ದ ವೈರಸ್ ಎದ್ದು ಹೊಸ ವೈರಸ್‌ಗಳನ್ನು ತಯಾರಿಸಲು ಹೊರಟಾಗ ಮೊಟ್ಟಮೊದಲು ತಯಾರಾಗುವುದು ಬಿಜಡ್‌ಎಲ್‌ಎಫ್1, ಬಿಆರ್‌ಎಲ್‌ಎಫ್1 ಎಂಬ ಎರಡು ಪ್ರೋಟೀನ್‌ಗಳು. ಸಿಡಿ8 ಕೋಶಗಳಲ್ಲಿ ಅತಿ ಹೆಚ್ಚಿನವು ಇವನ್ನೂ ಇವುಗಳ ಹಿಂದೆಯೇ ಬರುವ ಕೆಲವನ್ನೂ ಗುರುತಿಸುತ್ತವೆ. ಕೊನೆಯಲ್ಲಿ ತಯಾರಾಗುವ ಪ್ರೋಟೀನ್‌ಗಳನ್ನು ಗುರುತಿಸುವವು ಕಡಿಮೆ. ಏಕೆಂದರೆ ಆ ಹೊತ್ತಿಗೆ ವೈರಸ್ ಕೋಶದ ಪ್ರದರ್ಶನ ವ್ಯವಸ್ಥೆಯನ್ನೇ ಕೆಡಿಸಿರುತ್ತದೆ. ಬಿಎನ್‌ಎಲ್‌ಎಫ್2ಎ ಎಂಬ ಅದರ ಪುಟ್ಟ ಪ್ರೋಟೀನು ಚೂರುಗಳನ್ನು ಎಚ್‌ಎಲ್‌ಎ ಬಳಿಗೆ ಸಾಗಿಸುವ ಪಂಪನ್ನು ಕಟ್ಟಿಹಾಕುತ್ತದೆ. ಹಾಗಾಗಿ ಟಿ ಕೋಶಗಳಿಗೆ ಸಿಗುವ ಒಳ್ಳೆಯ ಅವಕಾಶ ವೈರಸ್ ಎಚ್ಚೆತ್ತ ಮೊದಲ ಗಳಿಗೆಗಳದ್ದು. ಆ ಅವಕಾಶವನ್ನು ಅವು ಬಿಡುವುದಿಲ್ಲ.

ಇನ್ನು ಜ್ವರದ ವಿಚಾರ. ಸೋಂಕಿತ ಬಿ ಕೋಶ ಸಿಕ್ಕಾಗ ಸಿಡಿ8 ಕೋಶ ಪರ್ಫೋರಿನ್ ಎಂಬ ಪ್ರೋಟೀನಿನಿಂದ ಅದರ ಪೊರೆಯಲ್ಲಿ ರಂಧ್ರ ಕೊರೆದು, ಗ್ರ್ಯಾಂಜೈಮ್ ಎಂಬ ಕಿಣ್ವಗಳನ್ನು ಒಳಗೆ ಸೇರಿಸಿ ಕೊಲ್ಲುತ್ತದೆ. ಜೊತೆಗೆ ಇಂಟರ್‌ಫೆರಾನ್ ಗಾಮಾದಂಥ ಸೈಟೊಕೈನ್ ರಾಸಾಯನಿಕಗಳನ್ನು ಸುರಿಸುತ್ತದೆ. ಕೋಟ್ಯಂತರ ಕೋಶಗಳು ಏಕಕಾಲಕ್ಕೆ ಹೀಗೆ ಸುರಿಸಿದಾಗ ಮೈ ಕಾಯುತ್ತದೆ, ಸ್ನಾಯುಗಳು ನೋಯುತ್ತವೆ, ಎದ್ದು ಕೂರಲೂ ಮನಸ್ಸಾಗದಂಥ ಸುಸ್ತು ಆವರಿಸುತ್ತದೆ. ಕತ್ತಿನ ಗಂಟುಗಳೆಂದರೆ ವಿಭಜಿಸುತ್ತಿರುವ ಲಿಂಫೋಸೈಟ್‌ಗಳಿಂದ ಕಿಕ್ಕಿರಿದ ದುಗ್ಧಗ್ರಂಥಿಗಳು. ಗುಲ್ಮ (ಸ್ಪ್ಲೀನ್) ಊದಿಕೊಳ್ಳುವುದೂ ಇದೇ ಕಾರಣಕ್ಕೆ. ಯಕೃತ್ತಿನೊಳಕ್ಕೂ ಟಿ ಕೋಶಗಳು ನುಗ್ಗುವುದರಿಂದ ಅದರ ಕಿಣ್ವಗಳು ರಕ್ತಪರೀಕ್ಷೆಯಲ್ಲಿ ಏರಿರುತ್ತವೆ.

ಕಾಯಿಲೆಯ ಬಹುಪಾಲು ಟಿ ಕೋಶಗಳದ್ದು ಎನ್ನಲು ಏನು ಪುರಾವೆ ಎಂದು ನೀವು ಕೇಳಬಹುದು. ಮೂರು ಕಡೆಯಿಂದ ಪುರಾವೆ ಇದೆ. ಅಸೈಕ್ಲೋವಿರ್ ಎಂಬ ವೈರಸ್ ನಿರೋಧಕ ಕೊಟ್ಟರೆ ಗಂಟಲಿನಿಂದ ಹೊರಬೀಳುವ ವೈರಸ್ ಇಳಿಯುತ್ತದೆ, ಆದರೆ ರೋಗಿಗೆ ಹೇಳಿಕೊಳ್ಳುವಂಥ ಆರಾಮ ಸಿಗುವುದಿಲ್ಲ. ರಕ್ತದಲ್ಲಿ ಸಿಡಿ8 ಕೋಶಗಳು ಹೆಚ್ಚಿದಷ್ಟೂ ಕಾಯಿಲೆ ಉಲ್ಬಣವಾಗಿರುತ್ತದೆ ಎಂಬುದು ಹಲವು ಅಧ್ಯಯನಗಳಲ್ಲಿ ಕಂಡಿದೆ. ನನಗೆ ಎಲ್ಲಕ್ಕಿಂತ ಗಟ್ಟಿಯೆನಿಸುವ ಪುರಾವೆ ಪುಟ್ಟ ಮಕ್ಕಳದ್ದು. ಎರಡು ಮೂರು ವರ್ಷದೊಳಗೆ ಇಬಿವಿ ತಗುಲಿದ ಮಗುವಿಗೆ ಸಾಮಾನ್ಯವಾಗಿ ಏನೂ ಆಗುವುದಿಲ್ಲ, ಹೆಚ್ಚೆಂದರೆ ಸಣ್ಣ ನೆಗಡಿ. ಅಂಥ ಮಕ್ಕಳ ರಕ್ತದಲ್ಲೂ ವೈರಸ್ ಪ್ರಮಾಣ ಗ್ರಂಥಿ ಜ್ವರದವರಷ್ಟೇ ಇರಬಹುದು. ಆದರೆ ಟಿ ಕೋಶಗಳ ಆ ಮಹಾಪೂರ ಇರುವುದಿಲ್ಲ. ಜಗತ್ತಿನ ವಯಸ್ಕರಲ್ಲಿ ಶೇ 90ಕ್ಕೂ ಹೆಚ್ಚು ಮಂದಿಗೆ ಇಬಿವಿ ತಗುಲಿದೆ, ಅವರಲ್ಲಿ ಬಹಳಷ್ಟು ಜನಕ್ಕೆ ಅದು ತಿಳಿದೇ ಇಲ್ಲ. ಮೊದಲ ಸೋಂಕು ಹದಿಹರೆಯಕ್ಕೋ ಇಪ್ಪತ್ತರ ಆಸುಪಾಸಿಗೋ ಮುಂದೆ ಬಿದ್ದವರೇ ಹೀಗೆ ನರಳುವುದು. ವಯಸ್ಸು ಏರಿದಂತೆ ಪ್ರತಿಕ್ರಿಯೆ ಏಕೆ ಇಷ್ಟು ಜೋರಾಗುತ್ತದೆ ಎಂಬುದರ ಬಗ್ಗೆ ವಿಜ್ಞಾನಿಗಳಲ್ಲಿ ಚರ್ಚೆ ನಡೆದಿದೆ. ಎಳೆಯ ಮಕ್ಕಳಲ್ಲಿ ಎನ್‌ಕೆ (ನ್ಯಾಚುರಲ್ ಕಿಲ್ಲರ್) ಎಂಬ ಇನ್ನೊಂದು ಬಗೆಯ ಕೊಲ್ಲುವ ಕೋಶಗಳು ಹೆಚ್ಚು ಚುರುಕಾಗಿದ್ದು ಮೊದಲೇ ಮಟ್ಟಹಾಕುತ್ತವೆ ಎಂಬುದು ಒಂದು ವಾದ. ಹಿಂದಿನ ಫ್ಲೂ ಸೋಂಕಿನಿಂದ ಉಳಿದ ಸ್ಮೃತಿ ಟಿ ಕೋಶಗಳು ಇಬಿವಿಯ ಚೂರನ್ನೂ ತಮ್ಮದೆಂದು ಭ್ರಮಿಸಿ ಒಮ್ಮೆಲೇ ಏಳುತ್ತವೆ ಎಂಬುದು ಇನ್ನೊಂದು.

ಈಗ ಕ್ಯಾನ್ಸರಿನ ಭಯ. ಈ ಭಯ ನಿಮಗೊಬ್ಬರಿಗೇ ಬಂದದ್ದಲ್ಲ. ಹಿಂದೆ ವೈದ್ಯರಿಗೂ ಬಂದಿತ್ತು. ಲ್ಯುಕೇಮಿಯಾದಂತೆ ಕಾಣುವ ರಕ್ತವಿದ್ದೂ ತಾವಾಗಿಯೇ ಗುಣವಾದ ಯುವಜನರ ವಿವರ ದಾಖಲಿಸಿ, 1920ರಲ್ಲಿ ಥಾಮಸ್ ಸ್ಪ್ರಂಟ್ ಮತ್ತು ಫ್ರಾಂಕ್ ಇವಾನ್ಸ್ ಈ ಕಾಯಿಲೆಗೆ ಇನ್ಫೆಕ್ಷಿಯಸ್ ಮಾನೊನ್ಯೂಕ್ಲಿಯೋಸಿಸ್ ಎಂಬ ಹೆಸರಿಟ್ಟರು. ಮೂರು ವರ್ಷಗಳ ನಂತರ ಹಾಲ್ ಡೌನಿ ಮತ್ತು ಮೆಕಿನ್ಲೆ ಆ ಅಸಹಜ ಲಿಂಫೋಸೈಟ್‌ಗಳ ರೂಪವನ್ನು ವಿವರವಾಗಿ ಬರೆದರು. ಮಗಳ ವರದಿಯಲ್ಲಿರುವವು ಅವೇ: ಮೈದುಂಬಿ ದೊಡ್ಡದಾದ, ಪಕ್ಕದ ಕೆಂಪು ರಕ್ತಕಣಗಳಿಗೆ ಒತ್ತಿಕೊಂಡು ಅಂಚು ಬಾಗಿಸಿಕೊಂಡಿರುವ ಕೋಶಗಳು. ಅವುಗಳಲ್ಲಿ ಬಹುಪಾಲು ಕೆಲಸಕ್ಕಿಳಿದ ಸಿಡಿ8 ಟಿ ಕೋಶಗಳೇ ಹೊರತು ಸೋಂಕಿತ ಬಿ ಕೋಶಗಳಲ್ಲ. ಲ್ಯುಕೇಮಿಯಾದಲ್ಲಿ ಒಂದೇ ಕೋಶದ ಸಂತತಿ ಬೆಳೆಯುವುದರಿಂದ ಸೂಕ್ಷ್ಮದರ್ಶಕದಡಿ ಎಲ್ಲವೂ ಒಂದೇ ಅಚ್ಚಿನವಾಗಿ ಕಾಣುತ್ತವೆ. ಇಲ್ಲಿ ಹಲವು ಗಾತ್ರ, ಹಲವು ಆಕಾರ. ಅದರ ಜೊತೆಗೆ ಇಬಿವಿ ಪ್ರತಿಕಾಯ ಪರೀಕ್ಷೆ, ಹಿಮೋಗ್ಲೋಬಿನ್, ಪ್ಲೇಟ್‌ಲೆಟ್ ನೋಡಿ ವೈದ್ಯರು ತೀರ್ಮಾನಿಸುತ್ತಾರೆ. ಪ್ಲೇಟ್‌ಲೆಟ್ ಸ್ವಲ್ಪ ಇಳಿದಿರುವುದು ಈ ಜ್ವರದಲ್ಲಿ ಮಾಮೂಲು.

ಸಿಡಿ4 ಎಂಬ ಸಹಾಯಕ ಟಿ ಕೋಶಗಳ ಬಗ್ಗೆಯೂ ಒಂದು ಮಾತು. ಅವು ಸಿಡಿ8ರಷ್ಟು ಹೆಚ್ಚುವುದಿಲ್ಲ. ಹಾಗಾಗಿ ಸಾಮಾನ್ಯವಾಗಿ ಸಿಡಿ8ಕ್ಕಿಂತ ಮೇಲಿರುವ ಸಿಡಿ4 ಲೆಕ್ಕ ಈ ವಾರಗಳಲ್ಲಿ ತಲೆಕೆಳಗಾಗಿರುತ್ತದೆ. ಯಾರಾದರೂ ಆ ಪರೀಕ್ಷೆ ಮಾಡಿಸಿ ಅನುಪಾತ ಕಂಡು ಹೌಹಾರಬೇಡಿ. ವೈರಸ್ಸಿನ ಇಬಿಎನ್‌ಎ1 ಎಂಬ ಪ್ರೋಟೀನಿನ ವಿರುದ್ಧದ ಸಿಡಿ4 ಕೋಶಗಳು ಮಾತ್ರ ತಡವಾಗಿ ಮೂಡುತ್ತವೆ, ಅದರ ಪ್ರತಿಕಾಯಗಳೂ ತಿಂಗಳುಗಳ ನಂತರವೇ ಬರುತ್ತವೆ. ಆದ್ದರಿಂದ ವರದಿಯಲ್ಲಿ ವಿಸಿಎ ಐಜಿಎಂ (ವೈರಸ್ಸಿನ ಕವಚದ ವಿರುದ್ಧ ಮೊದಲು ಮೂಡುವ ಪ್ರತಿಕಾಯ) ಇದ್ದು ಇಬಿಎನ್‌ಎ ಪ್ರತಿಕಾಯ ಇಲ್ಲದಿದ್ದರೆ ಸೋಂಕು ಇತ್ತೀಚಿನದು ಎಂದರ್ಥ.

ಇಷ್ಟು ಹೆಚ್ಚಿದ ಟಿ ಕೋಶಗಳು ಆಮೇಲೆ ಎಲ್ಲಿಗೆ ಹೋಗುತ್ತವೆ? ಸಾಯುತ್ತವೆ. ಸಾಯುವ ಏರ್ಪಾಡು ಅವುಗಳ ಒಳಗೇ ಇರುತ್ತದೆ. ಕೋಶವನ್ನು ಸಾವಿನಿಂದ ಕಾಯುವ ಬಿಸಿಎಲ್-2 ಎಂಬ ಪ್ರೋಟೀನು ಈ ಉದ್ರಿಕ್ತ ಕೋಶಗಳಲ್ಲಿ ತೀರಾ ಕಡಿಮೆ. ರೋಗಿಯ ರಕ್ತದಿಂದ ತೆಗೆದು ಪ್ರಯೋಗಾಲಯದ ತಟ್ಟೆಯಲ್ಲಿಟ್ಟರೆ ಬೇಗನೆ ಸತ್ತುಹೋಗುತ್ತವೆ. ದೇಹದಲ್ಲೂ ವೈರಸ್ ಚೂರುಗಳು ಸಿಗುವುದು ಕಡಿಮೆಯಾದಂತೆ ಕೆಲವು ವಾರಗಳಲ್ಲಿ ಇವುಗಳ ಸಂಖ್ಯೆ ಇಳಿಯುತ್ತದೆ. ಪೈರು ಕೊಯ್ದ ಮೇಲೆ ಬಿತ್ತನೆಗೆಂದು ಒಂದಿಷ್ಟು ಕಾಳು ಎತ್ತಿಡುವ ಹಾಗೆ, ಸಣ್ಣದೊಂದು ಪಾಲು ಸ್ಮೃತಿ ಕೋಶಗಳಾಗಿ ಉಳಿಯುತ್ತದೆ. ಆರೋಗ್ಯವಂತ ವಯಸ್ಕರಲ್ಲಿ ಇಬಿವಿಯ ಒಂದು ಚೂರನ್ನು ಗುರುತಿಸುವ ಕೋಶಗಳೇ ಒಟ್ಟು ಸಿಡಿ8ರಲ್ಲಿ ಶೇ 1ರ ಸುಮಾರಿಗೆ ಇರುವುದುಂಟು, ಕೆಲವರಲ್ಲಿ ಇನ್ನೂ ಹೆಚ್ಚು. ಒಂದು ವೈರಸ್ಸಿಗಾಗಿ ದೇಹ ಎತ್ತಿಡುವ ಪಾಲು ಎಂದು ನೋಡಿದರೆ ಇದು ಸಣ್ಣದಲ್ಲ.

ಅಷ್ಟಾದರೂ ವೈರಸ್ ಪೂರ್ತಿ ಹೋಗುವುದಿಲ್ಲ, ನೀವು ಕೇಳಿದ್ದು ನಿಜ. ಅದು ಸ್ಮೃತಿ ಬಿ ಕೋಶಗಳಲ್ಲಿ ತಲೆಮರೆಸಿಕೊಳ್ಳುತ್ತದೆ. ಅಲ್ಲಿ ಬಹುತೇಕ ಯಾವ ಪ್ರೋಟೀನನ್ನೂ ತಯಾರಿಸುವುದಿಲ್ಲ. ತಯಾರಿಸದಿದ್ದರೆ ತೋರಿಸಲು ಚೂರೂ ಇಲ್ಲ, ಟಿ ಕೋಶಕ್ಕೆ ಸುಳಿವೂ ಇಲ್ಲ. ಬಿ ಕೋಶ ವಿಭಜಿಸುವಾಗ ಅನಿವಾರ್ಯವಾಗಿ ಬೇಕಾಗುವ ಇಬಿಎನ್‌ಎ1 ಕೂಡ ಎರಡೇ ಅಮೈನೋ ಆಮ್ಲಗಳ ಉದ್ದನೆಯ ಸರಪಳಿಯೊಂದನ್ನು ತನ್ನೊಳಗೆ ಇಟ್ಟುಕೊಂಡು, ತಾನು ಚೂರಾಗಿ ಪ್ರದರ್ಶನಗೊಳ್ಳುವುದನ್ನು ಬಹುಮಟ್ಟಿಗೆ ತಪ್ಪಿಸಿಕೊಳ್ಳುತ್ತದೆ. ಚೇತರಿಸಿಕೊಂಡವರಲ್ಲಿ ಹತ್ತು ಲಕ್ಷ ಬಿ ಕೋಶಗಳಿಗೆ ಸುಮಾರು 1ರಿಂದ 50 ಮಾತ್ರ ವೈರಸ್ ಹೊತ್ತಿರುತ್ತವೆ. ಆಗಾಗ ಅವುಗಳಲ್ಲಿ ಒಂದೆರಡು ಗಂಟಲಿನಲ್ಲಿ ಎಚ್ಚೆತ್ತು ವೈರಸ್ ಉಗುಳುತ್ತವೆ, ಕಾದಿರುವ ಟಿ ಕೋಶಗಳು ಬಾಲ ಬಿಚ್ಚಲು ಬಿಡುವುದಿಲ್ಲ. ಗಂಟಲು ಹತೋಟಿಗೆ ಬರುವುದು ಮಾತ್ರ ನಿಧಾನ. ಕಾಯಿಲೆಯ ಉಚ್ಛ್ರಾಯದಲ್ಲಿ ರಕ್ತದಲ್ಲಿರುವ ಸಿಡಿ8 ಕೋಶಗಳು ಟಾನ್ಸಿಲ್‌ಗೆ ದಾರಿ ತೋರುವ ಸಿಸಿಆರ್7 ಎಂಬ ಗ್ರಾಹಿಯನ್ನು ಕಳೆದುಕೊಂಡಿರುತ್ತವೆ. ರಕ್ತದಲ್ಲಿ ವೈರಸ್ ಬೇಗ ಇಳಿದರೂ ಎಂಜಲಿನಲ್ಲಿ ತಿಂಗಳುಗಟ್ಟಲೆ ಉಳಿಯುವುದು ಅದಕ್ಕೇ. ಮಗಳು ಎದ್ದು ಓಡಾಡತೊಡಗಿದ ಮೇಲೂ ಲೋಟ, ಚಮಚ, ಟೂತ್‌ಬ್ರಶ್ ಹಂಚಿಕೊಳ್ಳದಿರಲಿ.

ಟಿ ಕೋಶಗಳು ಇಲ್ಲಿ ಎಷ್ಟು ಮುಖ್ಯ ಎಂದು ತಿಳಿಯಬೇಕಾದರೆ ಅವು ಸರಿಯಾಗಿ ಕೆಲಸ ಮಾಡದವರನ್ನು ನೋಡಬೇಕು. ಎಕ್ಸ್ ವರ್ಣತಂತುವಿನಲ್ಲಿ ಎಸ್‌ಎಪಿ ಎಂಬ ಪ್ರೋಟೀನಿನ ಜೀನ್ ಕೆಟ್ಟು ಹುಟ್ಟಿದ ಗಂಡುಮಕ್ಕಳಿದ್ದಾರೆ. ಬಹಳ ಅಪರೂಪದ ದೋಷವಿದು; ಆ ಜೀನ್ 1998ರಲ್ಲಿ ಪತ್ತೆಯಾಯಿತು. ಇವರ ಟಿ ಕೋಶಗಳು ಇಬಿವಿಯನ್ನು ಕಂಡು ಹೆಚ್ಚುತ್ತವೆ, ಸೈಟೊಕೈನ್ ಸುರಿಸುತ್ತವೆ, ಆದರೆ ಸೋಂಕಿತ ಬಿ ಕೋಶವನ್ನು ಸರಿಯಾಗಿ ಕೊಲ್ಲಲಾರವು. ಕೊಲ್ಲದಿದ್ದರೆ ಪ್ರಚೋದನೆ ನಿಲ್ಲುವುದಿಲ್ಲ, ಪ್ರಚೋದನೆ ನಿಲ್ಲದಿದ್ದರೆ ಸೈಟೊಕೈನ್ ಸುರಿಯುವುದೂ ನಿಲ್ಲುವುದಿಲ್ಲ. ಉಳಿದವರಿಗೆ ಬಂದು ಹೋಗುವ ಗ್ರಂಥಿ ಜ್ವರ ಈ ಮಕ್ಕಳ ಪ್ರಾಣಕ್ಕೇ ಎರವಾಗಬಲ್ಲದು. ಇನ್ನೊಂದು ಗುಂಪು ಅಂಗಾಂಗ ಅಥವಾ ಅಸ್ಥಿಮಜ್ಜೆ ಕಸಿ ಮಾಡಿಸಿಕೊಂಡವರದು. ಕಸಿ ಉಳಿಸಲು ಟಿ ಕೋಶಗಳನ್ನು ಔಷಧಿಯಿಂದ ಅದುಮಿಟ್ಟಾಗ, ವರ್ಷಗಟ್ಟಲೆ ಸುಮ್ಮನಿದ್ದ ಇಬಿವಿ ಬಿ ಕೋಶಗಳನ್ನು ಮತ್ತೆ ಬೆಳೆಸಿ ಲಿಂಫೋಮಾ ಎಂಬ ಕ್ಯಾನ್ಸರ್ ಉಂಟುಮಾಡಬಲ್ಲದು. ಅದಕ್ಕೆ ಮದ್ದಾಗಿ ಇಬಿವಿಯನ್ನು ಗುರುತಿಸುವ ಟಿ ಕೋಶಗಳನ್ನೇ ಪ್ರಯೋಗಾಲಯದಲ್ಲಿ ಬೆಳೆಸಿ ಕೊಡುವ ಪ್ರಯತ್ನ 1990ರ ದಶಕದಲ್ಲಿ ಶುರುವಾಯಿತು. ಆರೋಗ್ಯವಂತ ದಾನಿಗಳ ಟಿ ಕೋಶಗಳಿಂದ ತಯಾರಿಸಿದ ಟ್ಯಾಬೆಲೆಕ್ಲ್ಯೂಸೆಲ್ ಎಂಬ ಚಿಕಿತ್ಸೆಗೆ 2022ರ ಡಿಸೆಂಬರ್‌ನಲ್ಲಿ ಯುರೋಪಿಯನ್ ಒಕ್ಕೂಟ ಒಪ್ಪಿಗೆ ಕೊಟ್ಟಿತು. ನಿಮ್ಮ ಮಗಳ ರಕ್ತದಲ್ಲಿ ಈಗ ತಾವಾಗಿಯೇ ಬೆಳೆದಿರುವುದು ಅಂಥ ಕೋಶಗಳೇ.

ಹಾಗಾಗಿ ರೋಗನಿರೋಧಕ ಶಕ್ತಿ ಹೆಚ್ಚಿಸುತ್ತದೆಂಬ ಯಾವ ಔಷಧಿಯನ್ನೂ, ಪುಡಿಯನ್ನೂ, ಟಾನಿಕ್ಕನ್ನೂ ದಯವಿಟ್ಟು ಕೊಡಬೇಡಿ. ಕೆಲವು ಯಕೃತ್ತಿಗೆ ಭಾರವಾಗಬಹುದು, ಅದು ಈಗಾಗಲೇ ಊದಿಕೊಂಡಿರುವ ಸಾಧ್ಯತೆ ಇದೆ. ಟಿ ಕೋಶಗಳನ್ನು ತಗ್ಗಿಸುವ ಸ್ಟೀರಾಯ್ಡ್ ಕೊಟ್ಟರೆ ಬೇಗ ಗುಣವಾಗಬಹುದಲ್ಲ ಎಂಬ ಯೋಚನೆ ಬರುವುದು ಸಹಜ. ಆದರೆ ಟಾನ್ಸಿಲ್ ಊದಿ ಉಸಿರು ಕಟ್ಟುವಂತಾದಾಗ ಅಥವಾ ಗಂಭೀರ ತೊಡಕುಗಳಲ್ಲಿ ಮಾತ್ರ ವೈದ್ಯರು ಅದಕ್ಕೆ ಕೈಹಾಕುತ್ತಾರೆ. ವಿಶ್ರಾಂತಿ, ಸಾಕಷ್ಟು ನೀರು, ಜ್ವರ ಮತ್ತು ನೋವಿಗೆ ಹೇಳಿದ ಪ್ರಮಾಣದಲ್ಲಿ ಪ್ಯಾರಾಸಿಟಮಾಲ್ ಸಾಕು. ಗಂಟಲು ನೋವಿಗೆಂದು ಅಮಾಕ್ಸಿಸಿಲಿನ್ ಕೊಟ್ಟರೆ ಈ ಜ್ವರದಲ್ಲಿ ಮೈತುಂಬ ದದ್ದು ಏಳುವ ಸಂಭವ ಹೆಚ್ಚು. ಹಾಗಾಗಿ ಬೇರೆ ವೈದ್ಯರ ಬಳಿ ಹೋದರೆ ಗ್ರಂಥಿ ಜ್ವರವೆಂದು ಮೊದಲೇ ತಿಳಿಸಿ.

ಗುಲ್ಮದ ಬಗ್ಗೆ ಎಚ್ಚರ ಬೇಕು. ಊದಿದ ಗುಲ್ಮ ಒಡೆಯುವುದು ಬಹಳ ಅಪರೂಪ, ಆದರೆ ಒಡೆದರೆ ಜೀವಕ್ಕೆ ಅಪಾಯ. ಕಾಯಿಲೆ ಶುರುವಾದಂದಿನಿಂದ ಕನಿಷ್ಠ ಮೂರು ನಾಲ್ಕು ವಾರ ಮೈಗೆ ಮೈ ತಾಗುವ ಆಟ, ಭಾರ ಎತ್ತುವುದು, ಹೊಟ್ಟೆಗೆ ಪೆಟ್ಟು ಬೀಳುವ ಯಾವುದೂ ಬೇಡ. ಆಮೇಲೂ ವೈದ್ಯರನ್ನು ಕೇಳಿಯೇ ಆಡಲಿ. ಹೊಟ್ಟೆಯ ಎಡಭಾಗದ ಮೇಲ್ಗಡೆ ಇಲ್ಲವೇ ಎಡಭುಜದಲ್ಲಿ ಥಟ್ಟನೆ ನೋವು ಕಾಣಿಸಿದರೆ, ಉಸಿರಾಟ ಕಷ್ಟವಾದರೆ, ನೀರೂ ನುಂಗಲಾಗದಿದ್ದರೆ ತಡಮಾಡದೆ ತುರ್ತು ಚಿಕಿತ್ಸೆಗೆ ಕರೆದೊಯ್ಯಿರಿ.

ಜ್ವರ ಮತ್ತು ಗಂಟಲು ನೋವು ಎರಡರಿಂದ ನಾಲ್ಕು ವಾರದಲ್ಲಿ ಇಳಿಯುವುದು ರೂಢಿ. ಸುಸ್ತು ಅದಕ್ಕಿಂತ ನಿಧಾನ. ಸುಮಾರು ಹತ್ತರಲ್ಲಿ ಒಬ್ಬರಿಗೆ ಆರು ತಿಂಗಳಾದರೂ ದಣಿವು ಉಳಿದಿರುತ್ತದೆ, ಅದನ್ನು ಸೋಮಾರಿತನವೆಂದು ಯಾರೂ ಹಂಗಿಸಬಾರದು. ಓದನ್ನು ಸ್ವಲ್ಪಸ್ವಲ್ಪವಾಗಿ ಮರಳಿ ಹಿಡಿಯಲಿ. ಆರರಿಂದ ಎಂಟು ವಾರದ ಹೊತ್ತಿಗೆ ರಕ್ತಪರೀಕ್ಷೆಯನ್ನು ಇನ್ನೊಮ್ಮೆ ಮಾಡಿಸಿ. ಲಿಂಫೋಸೈಟ್ ಇಳಿಯುತ್ತ ಬಂದಿದ್ದು ಅಸಹಜ ಕೋಶಗಳು ಮಾಯವಾಗಿದ್ದರೆ ಮತ್ತೆ ಪರೀಕ್ಷೆ ಬೇಕಿಲ್ಲ. ಅವು ಹಾಗೇ ಉಳಿದಿದ್ದರೆ, ಹಿಮೋಗ್ಲೋಬಿನ್ ಅಥವಾ ಪ್ಲೇಟ್‌ಲೆಟ್ ಇಳಿಯುತ್ತಿದ್ದರೆ, ಗಂಟುಗಳು ಕರಗದೆ ಜ್ವರ ಮರುಕಳಿಸುತ್ತಿದ್ದರೆ ರಕ್ತರೋಗ ತಜ್ಞರಿಗೆ ತೋರಿಸಿ. ಎರಡೂ ವರದಿಗಳನ್ನು ಜೊತೆಗೆ ಒಯ್ಯಿರಿ.